ದೇವರುಗಳ ತೀರ್ಪು, ನಮ್ಮ ನಗೆ

ಹೋದ ತಿಂಗಳು ನಮ್ಮ ನಗರದಲ್ಲಿ ಒಂದು ಪ್ರವಾಸಕಥನದ ಬಿಡುಗಡೆಯಾಯಿತು. ಬರೆದವರು ನನಗೆ ಬೇಕಾದವರು. ಆದ್ದರಿಂದ ಅವರ ಹೆಸರನ್ನಾಗಲಿ ಪುಸ್ತಕದ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ಕುಲು ಕಣಿವೆಯನ್ನು ಕುರಿತ ಅಧ್ಯಾಯದಿಂದ ಅವರು ಎರಡು ಪುಟ ಓದಿದರು. ಮನಾಲಿಯ ಮೇಲಣ ಬೆಟ್ಟಗಳಲ್ಲಿ ಅಮೆರಿಕದ ಶ್ರೀಮಂತರೊಬ್ಬರ ಹಣದಿಂದ ಭಾರಿ ಸ್ಕೀ ಗ್ರಾಮವೊಂದು ಏಳಬೇಕಾಗಿದ್ದಿತಂತೆ. ಊರೂರಿನ ದೇವರುಗಳು ಸಭೆ ಸೇರಿ ‘ಕೂಡದು’ ಎಂದವಂತೆ. ಅಲ್ಲಿಗೆ ಕೆಲಸ ಕೆಟ್ಟಿತಂತೆ. “ಹೀಗೆ ಭಾರತವು ತನ್ನ ಸ್ವಿಟ್ಜರ್ಲೆಂಡನ್ನು ಪೂಜಾರಿಗಳ ಕೈಯಲ್ಲಿ ಕಳೆದುಕೊಂಡಿತು” ಎಂದು ಅಧ್ಯಾಯ ಮುಗಿಯಿತು. ಸಭೆ ನಕ್ಕಿತು. ಅಧ್ಯಕ್ಷರು ನಕ್ಕರು. ಆಮೇಲೆ ಉಪ್ಪಿಟ್ಟು, ಕಾಫಿ.

ನಾನು ನಗಲಿಲ್ಲ. ಅದು ನನ್ನ ದೊಡ್ಡತನವಲ್ಲ; ನನ್ನ ಪಾಲಿನ ನಗೆಯನ್ನು ನಾನು 2006ರಲ್ಲೇ ನಕ್ಕು ಮುಗಿಸಿದ್ದೆ. ಆಗ ಅಧ್ಯಾಪಕನಾಗಿ ಸೇರಿದ ಹೊಸತು. ಅಧ್ಯಾಪಕರ ಕೊಠಡಿಯಲ್ಲಿ ಪತ್ರಿಕೆಯ ಈ ಸುದ್ದಿಯನ್ನು ಗಟ್ಟಿಯಾಗಿ ಓದಿದವನೂ ನಾನೇ, “ದೇವರಿಗೆ ಜಾರಲು ಬಾರದು ಸ್ವಾಮಿ, ಅದಕ್ಕೇ ಹೊಟ್ಟೆಕಿಚ್ಚು” ಎಂದವನೂ ನಾನೇ. ಎಂ.ಎ. ಮುಗಿಸಿ ಬಂದ ಹುಡುಗ. ವಿಚಾರವಾದಿ ಎನ್ನಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಆ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲೆಂದೇ ಈ ಲೇಖನ. ನನ್ನ ಮಿತ್ರರೂ ತಮ್ಮ ನಗೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಸಂತೋಷ.

ಮೊದಲು ನಡೆದದ್ದೇನು ಎಂಬುದನ್ನು ಹೇಳಬೇಕು, ಏಕೆಂದರೆ ಪುಸ್ತಕದಲ್ಲಿ ಅದು ಪೂರ್ತಿಯಾಗಿಲ್ಲ. 2005ರ ಡಿಸೆಂಬರಿನಲ್ಲಿ ಹಿಮಾಚಲ ಪ್ರದೇಶದ ಸರ್ಕಾರ ‘ಹಿಮಾಲಯನ್ ಸ್ಕೀ ವಿಲೇಜ್’ ಎಂಬ ಯೋಜನೆಗೆ ಒಪ್ಪಂದ ಮಾಡಿಕೊಂಡಿತು. ಹಣ ಹೂಡಲು ಮುಂದೆ ಬಂದವರು ಮೋಟಾರು ಕಾರಿನ ಹೆನ್ರಿ ಫೋರ್ಡರ ಮರಿಮಗ ಆಲ್ಫ್ರೆಡ್ ಫೋರ್ಡ್. ಪತ್ರಿಕೆಗಳಲ್ಲಿ ಬಂದ ಲೆಕ್ಕ ಸುಮಾರು 30 ಕೋಟಿ ಡಾಲರು. ಐಷಾರಾಮದ ಹೋಟೆಲುಗಳು, ವಿಲ್ಲಾಗಳು, ಅಂಗಡಿಸಾಲು, ಶಿಖರದ ಹತ್ತಿರಕ್ಕೆ ಒಯ್ಯುವ ತೂಗುತೊಟ್ಟಿಲು, ಸ್ಕೀ ಜಾರುದಾರಿಗಳು. ಮರುವರ್ಷ ಫೆಬ್ರವರಿಯಲ್ಲಿ ಕುಲುವಿನ ಹಳೆಯ ಅರಸುಮನೆತನದ ಮಹೇಶ್ವರ ಸಿಂಗರು ನಗ್ಗರಿನಲ್ಲಿ ‘ಜಗತಿ’ ಕರೆದರು. ಜಗತಿ ಎಂದರೆ ದೇವರುಗಳ ನ್ಯಾಯಸಭೆ. ಕಣಿವೆಯ ಮೂಲೆಮೂಲೆಯ ಗ್ರಾಮದೇವತೆಗಳ ಪರವಾಗಿ ‘ಗೂರ್’ ಎಂಬ ಪಾತ್ರಿಗಳು ಬಂದರು. ಮೈಮೇಲೆ ಬಂದು ನುಡಿದರು. ಬೆಟ್ಟಗಳು ದೇವರ ನೆಲೆ, ಅವನ್ನು ಕೆಡಿಸಬಾರದು ಎಂಬುದು ತೀರ್ಪಿನ ಸಾರ. ಆ ಸ್ಕೀ ಗ್ರಾಮ ಏಳಲೇ ಇಲ್ಲ. ಫೋರ್ಡರು ಸ್ವತಃ ಹರೇ ಕೃಷ್ಣ ಪಂಥದ ಭಕ್ತರು, ದೀಕ್ಷೆಯ ಹೆಸರು ಅಂಬರೀಷ ದಾಸ್. ದೇವರುಗಳು ತಿರುಗಿಸಿ ಕಳಿಸಿದ್ದು ನಾಸ್ತಿಕನನ್ನಲ್ಲ, ಭಕ್ತನನ್ನು! ನನ್ನ ಮಿತ್ರರ ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ. ಇದ್ದಿದ್ದರೆ ನಗೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಈ ಸಭೆ ನಡೆದ ಜಾಗವನ್ನು ನಾನು ನೋಡಿದ್ದು 2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ. ನಗ್ಗರಿನ ಕೋಟೆಮನೆ ಸುಮಾರು ಐದೂವರೆ ಶತಮಾನಗಳಷ್ಟು ಹಳೆಯದು. ಒಂದು ವರಸೆ ಕಲ್ಲು, ಒಂದು ವರಸೆ ದೇವದಾರಿನ ತೊಲೆ, ಹೀಗೆ ಪೇರಿಸಿದ ಗೋಡೆಗಳು. 1905ರ ಕಾಂಗಡಾ ಭೂಕಂಪದಲ್ಲಿ ಸುತ್ತಣ ಎಷ್ಟೋ ಕಟ್ಟಡಗಳು ನೆಲಕ್ಕೊರಗಿದಾಗಲೂ ಇದು ನಿಂತೇ ಇತ್ತು. 1978ರಲ್ಲಿ ಸರ್ಕಾರದ ಪ್ರವಾಸೋದ್ಯಮ ನಿಗಮ ಇದನ್ನು ಹೋಟೆಲು ಮಾಡಿತು. ಆ ಹೋಟೆಲಿನ ಅಂಗಳದಲ್ಲೇ ಒಂದು ಪುಟ್ಟ ಗುಡಿ. ಗುಡಿಯೊಳಗೆ ಒಂದು ಚಪ್ಪಡಿ ಕಲ್ಲು. ಅದೇ ಜಗತಿ ಪಟ್ಟ. ದೇವತೆಗಳು ಜೇನುಹುಳುಗಳಾಗಿ ಬೆಟ್ಟದ ಮೇಲಿಂದ ಆ ಬಂಡೆಯನ್ನು ಹೊತ್ತು ತಂದರೆಂದು ಐತಿಹ್ಯ. ಒಂದು ಕಡೆ ಪ್ರವಾಸಿಗಳ ಚಹಾದ ಮೇಜು, ನಾಲ್ಕು ಹೆಜ್ಜೆ ಆಚೆ ಪ್ರವಾಸೋದ್ಯಮಕ್ಕೆ ಲಗಾಮು ಹಾಕಿದ ನ್ಯಾಯಪೀಠ. ನನ್ನ ಮಿತ್ರರು ಈ ಅಂಗಳದಲ್ಲಿಯೇ ಕುಳಿತು ಚಹಾ ಕುಡಿದಿದ್ದಾರೆ. ನಗ್ಗರಿನಲ್ಲಿದ್ದ ನಿಕೊಲಾಯ್ ರೋರಿಕರ ಚಿತ್ರಗಳನ್ನು ಕುರಿತು ನಾಲ್ಕು ಪುಟ ಬರೆದಿದ್ದಾರೆ. ಸಹಜವೇ, ಅವರ ಮಗ ಸ್ವೆತೊಸ್ಲಾವ್ ರೋರಿಕರು ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ದೇವಿಕಾರಾಣಿಯವರೊಡನೆ ಬಾಳಿದವರು, ನಮಗೆ ಅವರು ಪರಕೀಯರಲ್ಲ. ಆದರೆ ಆ ಕಲ್ಲಿನ ಬಗ್ಗೆ ಒಂದೇ ಸಾಲು, ಅದೂ ‘ಮೂಢನಂಬಿಕೆ’ ಎಂಬ ಮಾತಿನೊಡನೆ.

ಈಗ ಮೂಢತನ ಯಾರದು ಎಂದು ವಿಚಾರಿಸೋಣ.

ಹಿಮ ಎಂಬುದು ನಮಗೆ ಗೊತ್ತಿಲ್ಲದ ವಸ್ತು. ಕನ್ನಡದಲ್ಲಿ ಅದಕ್ಕೆ ಹುಟ್ಟು ಹೆಸರೇ ಇಲ್ಲ. ‘ಮಂಜು’ ಎಂದರೆ ಮಡಿಕೇರಿಯ ಬೆಳಗು. ‘ಇಬ್ಬನಿ’ ಎಂದರೆ ಹುಲ್ಲಿನ ಮೇಲಿನ ಹನಿ. ‘ಹಿಮ’ ಸಂಸ್ಕೃತದಿಂದ ತಂದ ಸಾಲ. ನನ್ನ ಅಜ್ಜಿಗೆ ಗೊತ್ತಿದ್ದ ‘ಸ್ನೋ’ ಒಂದೇ, ಸ್ನೋ-ಪೌಡರಿನ ಸ್ನೋ. ಮದುವೆಗೆ ಹೊರಟ ಹೆಂಗಸರು ಮುಖಕ್ಕೆ ಬಳಿದುಕೊಳ್ಳುತ್ತಿದ್ದದ್ದು. ನಮ್ಮ ಪ್ರವಾಸಕಥನಗಳೂ ಹಿಮವನ್ನು ಇವತ್ತಿಗೂ ಹಾಗೆಯೇ ಕಾಣುತ್ತವೆ: ಬೆಟ್ಟ ಬಳಿದುಕೊಂಡ ಬಿಳುಪು. ‘ಹಾಲಿನ ಕೆನೆ’, ‘ಹತ್ತಿಯ ರಾಶಿ’, ‘ಧರೆಗಿಳಿದ ಸ್ವರ್ಗ’ — ಪುಟ ತಿರುಗಿಸಿದರೆ ಇವೇ.

ಬೆಟ್ಟದವರಿಗೆ ಅದು ಬಿಳುಪಲ್ಲ, ನೀರು. ನಮಗೆ ಅರ್ಥವಾಗುವಂತೆ ಹೇಳುವುದಾದರೆ, ಹಿಮವೆಂದರೆ ಏರಿಯಿಲ್ಲದ ಕೆರೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದು ಕೂರುತ್ತದೆ. ವಸಂತದಿಂದ ಬೇಸಗೆಯವರೆಗೆ ತೊಟ್ಟುತೊಟ್ಟಾಗಿ ಕರಗಿ ಒರತೆಗಳಿಗೂ ಹಳ್ಳಗಳಿಗೂ ಇಳಿಯುತ್ತದೆ. ತೂಬೆತ್ತಲು ನೀರುಗಂಟಿ ಬೇಡ, ಬಿಸಿಲೇ ನೀರುಗಂಟಿ. ಸೇಬಿನ ಗಿಡಕ್ಕೂ ಈ ಚಳಿಯೇ ಬೇಕು. ಸಾವಿರ ಗಂಟೆಗೂ ಮಿಕ್ಕು ಶೀತದಲ್ಲಿ ನಿದ್ರಿಸದಿದ್ದರೆ ಅದು ಸರಿಯಾಗಿ ಹೂ ಬಿಡುವುದಿಲ್ಲ. ಕ್ಯಾಪ್ಟನ್ ಲೀ ಎಂಬ ಆಂಗ್ಲನು 1870ರ ಸುಮಾರಿನಲ್ಲಿ ಕುಲುವಿನ ಬಂದ್ರೋಲಿನಲ್ಲಿ ಸೇಬಿನ ತೋಟ ಹಾಕಿದ ಮೇಲೆ ಈ ಕಣಿವೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಸೇಬಿನಿಂದ. ಚಳಿ ಕಡಮೆಯಾದ ಹಾಗೆಲ್ಲ ತೋಟ ಬೆಟ್ಟ ಹತ್ತುತ್ತಿದೆ.

ಇಂಥ ಕೆರೆಯ ಅಂಗಳದಲ್ಲಿ ಭಾರಿ ಸ್ಕೀ ಊರನ್ನು ಕಟ್ಟಿದರೆ ಏನಾಗುತ್ತದೆ? ಅಷ್ಟು ಹಣ ಹಾಕಿದವನು ಮಳೆರಾಯನನ್ನು ನಂಬಿ ಕೂರುವುದಿಲ್ಲ. ಹಿಮ ಬೀಳದಿದ್ದರೆ ಯಂತ್ರದಿಂದ ಉಗುಳಿಸುತ್ತಾನೆ. ನೀರನ್ನು ಕೊರೆಯುವ ಚಳಿಯಲ್ಲಿ ತುಂತುರಾಗಿ ಚಿಮ್ಮಿಸಿದರೆ ಅದು ಹಿಮವಾಗಿ ಬೀಳುತ್ತದೆ. ಲೋಕದ ದೊಡ್ಡ ಸ್ಕೀ ತಾಣಗಳೆಲ್ಲ ಇದನ್ನೇ ಮಾಡುತ್ತವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನಡೆದದ್ದೇ ಹೆಚ್ಚುಕಡಮೆ ಪೂರ್ತಿ ಇಂಥ ಹಿಮದ ಮೇಲೆ. ಒಂದು ಹೆಕ್ಟೇರಿಗೆ ಒಂದಡಿ ದಪ್ಪ ಹಾಸಬೇಕಾದರೆ ಕನಿಷ್ಠ 10 ಲಕ್ಷ ಲೀಟರು ನೀರು ಬೇಕು. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗಾಗಿ ಬೀದಿಯ ತುದಿ ಕಾದವರಿಗೆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: 12 ಸಾವಿರ ಲೀಟರಿನ ಟ್ಯಾಂಕರು ಎಂಬತ್ತಕ್ಕೂ ಹೆಚ್ಚು ಬಾರಿ ಬಂದು ಹೋಗಬೇಕು. ಒಂದು ಹೆಕ್ಟೇರಿಗೆ! ಅದೂ ಯಾವಾಗ? ಹಳ್ಳಗಳು ಹೆಪ್ಪುಗಟ್ಟಿ ಹರಿವು ಅತ್ಯಂತ ಕ್ಷೀಣವಾಗಿರುವ ತಿಂಗಳುಗಳಲ್ಲಿ. ಗೂರ್‌ಗಳು ಲೀಟರಿನ ಲೆಕ್ಕ ಹೇಳಲಿಲ್ಲ, ನಿಜ. ‘ದೇವರ ನೆಲೆ ಕೆಡುತ್ತದೆ’ ಎಂದರು. ಆದರೆ ಕೆರೆಯ ಕೋಡಿಯಲ್ಲಿ ಗಂಗಮ್ಮನ ಗುಡಿ ಕಟ್ಟಿದ ನಮ್ಮ ಹಿರಿಯರು ಹೇಳಿದ್ದೂ ಆ ಭಾಷೆಯಲ್ಲಿಯೇ ಅಲ್ಲವೆ?

ಇಲ್ಲಿ ಒಂದು ತಕರಾರು ಬರುತ್ತದೆಂದು ಬಲ್ಲೆ. 2014ರಲ್ಲಿ ಹಿಮಾಚಲದ ಉಚ್ಚ ನ್ಯಾಯಾಲಯ ಪ್ರಾಣಿಬಲಿಯನ್ನು ನಿಷೇಧಿಸಿದಾಗ ಇದೇ ನಗ್ಗರಿನಲ್ಲಿ ಇದೇ ಜಗತಿ ಸೇರಿತು; ದೇವರುಗಳು ಬಲಿಯೇ ಬೇಕೆಂದವು. ಹಾಗಾದರೆ ಅದನ್ನೂ ಒಪ್ಪುತ್ತೀಯಾ ಎಂದು ಮಿತ್ರರು ಕೇಳಬಹುದು. ಒಪ್ಪುವುದಿಲ್ಲ. ನಾನು ಗೂರ್‌ನ ಮೈಮೇಲೆ ದೇವರು ಬರುತ್ತಾನೆಂದೂ ವಾದಿಸುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಬೆಟ್ಟವನ್ನು ಕೊಡುವಾಗ ಬೆಟ್ಟದವರನ್ನು ಕೇಳಿದವರು ಯಾರು? ಒಪ್ಪಂದಕ್ಕೆ ರುಜು ಬಿದ್ದದ್ದು ಮೊದಲು, ಕಣಿವೆಯ ಊರುಗಳು ಒಂದೆಡೆ ಸೇರಿ ಮಾತಾಡಿದ್ದು ಆಮೇಲೆ. ಆ ಮಾತಿಗೆ ದೊರೆತ ವೇದಿಕೆ ಒಂದು ಚಪ್ಪಡಿ ಕಲ್ಲು. ನಗಬೇಕಾದದ್ದು ಕಲ್ಲನ್ನು ನೋಡಿಯೋ, ಕಲ್ಲಿನ ವಿನಾ ಬೇರೆ ವೇದಿಕೆಯನ್ನು ಉಳಿಸದ ಆಡಳಿತವನ್ನು ನೋಡಿಯೋ?

ನಮ್ಮಲ್ಲೂ ಹೀಗೆ ಆಗಿದೆ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೋ ಕಂಪೆನಿಯ ಉಕ್ಕಿನ ಕಾರ್ಖಾನೆ ಬರಲಿದ್ದಾಗ ರೈತರ ಮುಂದೆ ನಿಂತವರು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಸರ್ಕಾರ ಹಿಂದೆಗೆಯಿತು. ಆಗ ನಾವು ಯಾರೂ ‘ಕಾವಿಗೆ ಹೆದರಿ ಕಾರ್ಖಾನೆ ಕಳೆದುಕೊಂಡೆವು’ ಎಂದು ನಗಲಿಲ್ಲ. ಜನರ ದನಿ ಎಂದೆವು. ಗದಗಿನ ಕಾವಿಗೆ ಕೈಮುಗಿಯುವುದು, ನಗ್ಗರಿನ ಗೂರ್‌ನನ್ನು ಗೇಲಿ ಮಾಡುವುದು — ಇದಕ್ಕೆ ವಿಚಾರವಾದವೆಂಬ ಹೆಸರು ಒಪ್ಪದು. ನಮ್ಮದು ಹತ್ತಿರ, ಅವರದು ದೂರ, ಅಷ್ಟೇ.

ಸ್ಕೀಯಿಂಗ್ ಬೇಡವೆಂಬುದು ನನ್ನ ವಾದವೆಂದು ಯಾರೂ ತಿಳಿಯಬಾರದು. ಆ ಆಟಕ್ಕೆ ಅರಮನೆ ಬೇಕಾಗಿಲ್ಲ. ಮನಾಲಿಯಲ್ಲಿ 1961ರಿಂದಲೂ ಪರ್ವತಾರೋಹಣದ ಸರ್ಕಾರಿ ಸಂಸ್ಥೆಯಿದೆ; ಎಷ್ಟೋ ಹುಡುಗರು ಅಲ್ಲಿ ಸ್ಕೀಯಿಂಗನ್ನೂ ಕಲಿತಿದ್ದಾರೆ. 2018ರಲ್ಲಿ ತುರ್ಕಿಯ ಎರ್ಜುರುಮ್‌ನಲ್ಲಿ ಕಂಚಿನ ಪದಕ ಗೆದ್ದು ಅಂತರರಾಷ್ಟ್ರೀಯ ಸ್ಕೀಯಿಂಗಿನಲ್ಲಿ ದೇಶಕ್ಕೆ ಮೊದಲ ಪದಕ ತಂದ ಆಂಚಲ್ ಠಾಕೂರ್ ಸೋಲಂಗಿನ ಪಕ್ಕದ ಬುರುವಾ ಎಂಬ ಹಳ್ಳಿಯ ಹುಡುಗಿ. ಸ್ಕೀ ಗ್ರಾಮ ಬಾರದೆ ಹೋದದ್ದರಿಂದ ಆ ಹುಡುಗಿಯ ಪದಕ ತಪ್ಪಲಿಲ್ಲ.

ಆ ಬುರುವಾದ ಇನ್ನೊಂದು ಸಂಗತಿ ಕೇಳಿ. ಮಕರ ಸಂಕ್ರಾಂತಿಯಿಂದ 42 ದಿನ ಗೋಶಾಲ್, ಬುರುವಾ, ಸೋಲಂಗ್, ಶನಾಗ್, ಪಲ್ಚಾನ್ ಮೊದಲಾಗಿ ಒಂಬತ್ತು ಹಳ್ಳಿಗಳು ಮೌನ ಹಿಡಿಯುತ್ತವೆ. ದೇವರು ತಪಸ್ಸಿಗೆ ಕುಳಿತಿದ್ದಾನೆಂದು ಗುಡಿಯ ಗಂಟೆ ಕಟ್ಟಿಡುತ್ತಾರೆ, ಟೆಲಿವಿಷನ್ ಹಚ್ಚುವುದಿಲ್ಲ, ಹೊಲಕ್ಕೆ ಗುದ್ದಲಿ ಹಾಕುವುದಿಲ್ಲ. ನಾನು ಹೋದದ್ದು ಸರಿಯಾಗಿ ಆ ದಿನಗಳಲ್ಲಿ. ಆದರೆ ಅದು ನನಗೆ ಗೊತ್ತಿರಲಿಲ್ಲ. ಆ ವರ್ಷ ಜನವರಿ ಮುಗಿಯುತ್ತ ಬಂದರೂ ಹಿಮ ಬಿದ್ದಿರಲಿಲ್ಲ. ಸೋಲಂಗಿನ ಇಳಿಜಾರು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಆದರೂ ದಾರಿಯುದ್ದಕ್ಕೂ ಬಾಡಿಗೆಯ ಕೋಟು, ಬಾಡಿಗೆಯ ಬೂಟು. ನಾನೂ ನನ್ನ ಹೆಂಡತಿಯೂ ಬಾಡಿಗೆ ತೆತ್ತು ತೊಟ್ಟು, ಬಿಸಿಲಿನಲ್ಲಿ ಬೆವರುತ್ತ ಒಣನೆಲದ ಮೇಲೆ ನಿಂತೆವು. ಪಕ್ಕದಲ್ಲಿ ನಾಲ್ಕು ಗಾಲಿಯ ಮೋಟಾರುಗಳು ಧೂಳೆಬ್ಬಿಸಿ ಅಬ್ಬರಿಸುತ್ತಿದ್ದವು. “ಇಷ್ಟೊಂದು ಗದ್ದಲವೆ?” ಎಂದೆ. ನಮ್ಮ ಕಾರಿನ ಚಾಲಕ, ಸುಮಾರು ನನ್ನದೇ ವಯಸ್ಸಿನವನು, ಮೆಲ್ಲಗೆ ಹೇಳಿದ: “ಸಾಬ್, ಈಗ ನಮ್ಮ ಮನೆಯಲ್ಲಿ ರೇಡಿಯೋ ಕೂಡ ಹಾಕುವುದಿಲ್ಲ. ಇಲ್ಲಿಗೆ ಬಂದು ಹಾರ್ನ್ ಹೊಡೆಯುತ್ತೇನೆ. ಹೊಟ್ಟೆಪಾಡು.” ಆಮೇಲೆ, ಸುರಂಗ ದಾಟಿ ಲಾಹುಲಿನ ಕಡೆಗೆ ಹೋದರೆ ಸ್ವಲ್ಪ ಹಿಮ ಸಿಕ್ಕೀತು, ಇನ್ನಿಷ್ಟು ಹಣವಾಗುತ್ತದೆ ಎಂದ. ನಾವು ಹೋದೆವು. ಇದನ್ನು ಮುಚ್ಚಿಟ್ಟು ಉಪದೇಶ ಮಾಡಲಾರೆ.

ಫೋರ್ಡರನ್ನು ತಡೆದ ದೇವರುಗಳು ನನ್ನನ್ನು ತಡೆಯಲಿಲ್ಲ ಎಂಬುದೇ ಇಲ್ಲಿಯ ನೋವು. ಒಬ್ಬ ದೊಡ್ಡವನನ್ನು ಸಭೆ ಕರೆದು ನಿಲ್ಲಿಸಬಹುದು. ಕಂತಿನ ಮೇಲೆ ‘ಪ್ಯಾಕೇಜು’ ಕೊಂಡು ಬರುವ ಲಕ್ಷ ಚಿಕ್ಕವರನ್ನು ನಿಲ್ಲಿಸುವ ಕಲ್ಲು ಯಾವ ಅಂಗಳದಲ್ಲಿಯೂ ಇಲ್ಲ. ರೋಹ್ತಾಂಗಿಗೆ ದಿನಕ್ಕೆ ಇಷ್ಟೇ ವಾಹನ ಎಂದು ಹಸಿರು ನ್ಯಾಯಾಧಿಕರಣ 2015ರಲ್ಲಿ ಗೆರೆ ಎಳೆಯಿತು. 2020ರಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಜನ ಗೆರೆಯ ಅಡಿಯಿಂದಲೇ ಆಚೆಗೆ ನುಗ್ಗಿದರು. ಸ್ಕೀ ಗ್ರಾಮ ಒಂದು ಬರಲಿಲ್ಲ. ಬಿಡಿಬಿಡಿಯಾಗಿ ಹೋಟೆಲುಗಳು ಬಿಯಾಸ್ ನದಿಯ ದಂಡೆಗೂ ಇಳಿದು ಕುಳಿತವು. 2023ರ ಜುಲೈಯಲ್ಲಿ ನದಿ ಬಂದು ತನ್ನ ಜಾಗ ಕೇಳಿತು. ರಸ್ತೆಯನ್ನೂ ಕಟ್ಟಡಗಳನ್ನೂ ಕೊಚ್ಚಿಕೊಂಡು ಹೋಯಿತು.

‘ಆದರೂ ಒಂದು ದೊಡ್ಡ ತಾಣ ಇದ್ದಿದ್ದರೆ’ ಎನ್ನುವವರು ಗುಲ್ಮಾರ್ಗದ ಕಡೆ ನೋಡಲಿ. ಅಲ್ಲಿ ಹೋಟೆಲಿದೆ, ಅಫರ್ವತ್ ಬೆಟ್ಟದ ಹೆಗಲಿಗೆ ಏರುವ, ಲೋಕಪ್ರಸಿದ್ಧವಾದ ತೂಗುತೊಟ್ಟಿಲಿದೆ. 2025ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಅಲ್ಲಿ ಮುಂದೂಡಬೇಕಾಯಿತು. ಕಾರಣ, ಹಿಮವಿರಲಿಲ್ಲ. ತೊಟ್ಟಿಲು ಕಟ್ಟಬಹುದು, ಮಗುವನ್ನು ಅಂಗಡಿಯಿಂದ ತರಲಾದೀತೆ?

ನನ್ನ ಮಿತ್ರರ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿದೆಯೆಂದು ಪ್ರಕಾಶಕರು ಹೇಳಿದರು. ಎರಡನೆಯ ಮುದ್ರಣ ಬೇಗ ಬರಬಹುದು. ನನ್ನ ಬೇಡಿಕೆ ಚಿಕ್ಕದು. ಸ್ವಿಟ್ಜರ್ಲೆಂಡಿನ ಆ ವಾಕ್ಯವನ್ನು ತೆಗೆಯಿರೆಂದು ನಾನು ಕೇಳುವುದಿಲ್ಲ, ಅಭಿಪ್ರಾಯ ಅವರದು. ಅದರ ಪಕ್ಕದಲ್ಲಿ 42 ದಿನಗಳ ಮೌನದ ಬಗ್ಗೆ ಒಂದು ಪುಟ ಸೇರಿಸಲಿ. ಸೋಲಂಗಿನಲ್ಲಿ ಅವರು ಹಿಮದ ಸ್ಕೂಟರಿನ ಮೇಲೆ ಕುಳಿತ ಚಿತ್ರವೊಂದು ಪುಸ್ತಕದಲ್ಲಿದೆ. ಅಡಿಯಲ್ಲಿ ‘ಜನವರಿ’ ಎಂದು ಮಾತ್ರ ಅಚ್ಚಾಗಿದೆ. ಆ ತಾರೀಖನ್ನೂ ಪೂರ್ತಿ ಹಾಕಲಿ.