ಕಕ್ಷಿದಾರಳ ಕಾಗದಗಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ತಾಲ್ಲೂಕು ಊರಿನಲ್ಲಿ ಒಬ್ಬನೇ ವಕೀಲಿ ನಡೆಸತಕ್ಕವನು, ಗುಮಾಸ್ತನೂ ಇಲ್ಲ. ಕಕ್ಷಿದಾರಳಾದ ವಿಧವೆಯೊಬ್ಬಳು ಎರಡು ವರ್ಷದ ಶುಲ್ಕವನ್ನು ಬಾಕಿಯಿರಿಸಿ, ಬೇರೆ ವಕೀಲರನ್ನು ಹಿಡಿಯುವೆನೆಂದು ತನ್ನ ಜಮೀನಿನ ಪತ್ರಗಳನ್ನು ಕೇಳಿದಳಂತೆ.

"ಹಣ ಬರುವವರೆಗೆ ಕೊಡಲಾರೆ, ಮೇಷ್ಟ್ರೇ" ಎಂದನು.

"ಕೊಡಲೇಬೇಕಪ್ಪಾ" ಎಂದೆನು. ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಡತವನ್ನು ತಡೆದಿಡುವ ಹಕ್ಕು ವಕೀಲನಿಗಿಲ್ಲವೆಂದು ಸುಪ್ರೀಂ ಕೋರ್ಟು 2000ನೆಯ ಇಸವಿಯಲ್ಲಿಯೇ ತೀರ್ಮಾನಿಸಿದೆ. ಬಾಕಿಯ ವಸೂಲಿಗೆ ದಾವೆಯ ದಾರಿ ಬೇರೆ ಉಂಟು. ನಂಬಿ ಒಪ್ಪಿಸಿದ್ದು ನಿಕ್ಷೇಪ, ಸಾಲಕ್ಕಾಗಿ ಇರಿಸಿದ್ದು ಆಧಿ. ನಮ್ಮ ಧರ್ಮಶಾಸ್ತ್ರಗಳೂ ಇವೆರಡನ್ನು ಬೇರೆಬೇರೆಯಾಗಿಯೇ ಎಣಿಸಿವೆ. (ಈ ಪಾಠವನ್ನು ತರಗತಿಯಲ್ಲಿ ಅವನಿಗೆ ನಾನು ಹೇಳಿರಲಿಲ್ಲ, ತಪ್ಪು ನನ್ನದೂ ಹೌದು.)

"ಶುಲ್ಕವೆಷ್ಟೆಂದು ಮೊದಲ ದಿನವೇ ಬರೆದುಕೊಟ್ಟಿದ್ದೆಯಾ?"

"ಸಂಕೋಚವಾಯಿತು."

"ಆಕೆ ನಿನ್ನನ್ನು ಬಿಟ್ಟುದೇಕೆ?"

ಬಹಳ ಹೊತ್ತು ಸುಮ್ಮನಿದ್ದನು. ನಾಲ್ಕು ವಾಯಿದೆಗಳು ಮುಂದಕ್ಕೆ ಹೋಗಿದ್ದವು. ಒಂದನ್ನಾದರೂ ಆಕೆಗೆ ತಿಳಿಸಿರಲಿಲ್ಲ. ಪ್ರತಿಸಲವೂ ಆಕೆ ಬಸ್ಸಿಗೆ ಹಣ ತೆತ್ತು ಕೋರ್ಟಿನ ಜಗಲಿಯವರೆಗೆ ಬಂದು ಹಿಂದಿರುಗಿದ್ದಳು. ಆ ಬಸ್ಸಿನ ಹಣವೂ ಬಾಕಿಯೇ ಅಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಮರುದಿನ ಪತ್ರಗಳ ಪಟ್ಟಿಮಾಡಿ, ಆಕೆಯ ರುಜು ಪಡೆದು ಹಿಂದಿರುಗಿಸಿದನಂತೆ. ಶುಲ್ಕ ಇನ್ನೂ ಬಂದಿಲ್ಲ.