ಸಹಿ ಹಾಕಿಸಿದ್ರೆ ಸೇಫ್ಟಿ ಬರುತ್ತಾ?

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸೈಟಿನಲ್ಲಿ ಟ್ರೈನಿಯಾಗಿದ್ದಾಗ ನನಗಿದ್ದ ಬೆಳಗಿನ ಕೆಲಸ ಒಂದೇ: 'ಟೂಲ್‌ಬಾಕ್ಸ್ ಟಾಕ್'ಗೆ ನಿಂತವರ ಸಹಿ ಹಾಕಿಸಿ, ಗ್ರೂಪ್ ಫೋಟೊ ತೆಗೆಯೋದು. ಸೇಫ್ಟಿ ಆಫೀಸರ್ ಇಂಗ್ಲಿಷ್ ಹಾಳೆ ನೋಡಿ ಹಿಂದಿಯಲ್ಲಿ ಓದ್ತಿದ್ರು. ರಾಯಚೂರು, ಒಡಿಶಾದಿಂದ ಬಂದವರು ತಲೆಯಾಡಿಸ್ತಿದ್ರು. ಯಾರೂ ಪ್ರಶ್ನೆ ಕೇಳಲಿಲ್ಲ. ನಾವೂ ಅವರನ್ನು ಏನೂ ಕೇಳಲಿಲ್ಲ.

ಆ ರಿಜಿಸ್ಟರ್ ಇದ್ದದ್ದು ಅಪಘಾತವಾದ್ರೆ ಕಂಪನಿ ತೋರಿಸೋಕೆ ಅಂತ ಅರ್ಥವಾಗಿದ್ದು ಆಮೇಲೆ.

ಸಭೆ ಹೇಗಿರಬೇಕು ಅನ್ನೋದು ದೊಡ್ಡ ವಿಜ್ಞಾನವೇನಲ್ಲ. ಹತ್ತು-ಹದಿನೈದು ಜನರ ಗುಂಪು, ಅವರದೇ ಭಾಷೆ, ಇವತ್ತಿನ ಕೆಲಸದ ಅಪಾಯ. ರಾತ್ರಿ ಮಳೆ ಬಂದಿದೆಯಾ? ಪಾಯದ ಗುಂಡಿಯ ಅಂಚು ಸಡಿಲವಾಗಿದೆಯಾ? ನಿನ್ನೆ ಯಾರಾದ್ರೂ ಜಾರಿದ್ರಾ? ಕೊನೆಗೆ ಏನು ಅರ್ಥವಾಯ್ತು ಅಂತ ಕಾರ್ಮಿಕರೇ ತಿರುಗಿ ಹೇಳಬೇಕು.

2024ರ ಅಕ್ಟೋಬರ್‌ನಲ್ಲಿ, ಮಳೆಯ ದಿನಗಳಲ್ಲಿ, ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಅಂಥ ಕುಸಿತವನ್ನು ಬೆಳಗಿನ ಸಭೆಯೊಂದೇ ತಡೆಯಲ್ಲ, ನಿಜ. ಆದರೆ ಸೈಟಿನಲ್ಲಿ ಬಿರುಕು ಮೊದಲು ಕಾಣೋದು ಅಲ್ಲೇ ದುಡಿಯೋರ ಕಣ್ಣಿಗೆ. ಅದನ್ನು ಹೇಳಿ ಕೆಲಸ ನಿಂತರೆ ಅವತ್ತಿನ ಕೂಲಿ ಯಾರು ಕೊಡ್ತಾರೆ? ಮೌನಕ್ಕೆ ಕಾರಣ ಅಜ್ಞಾನವಲ್ಲ, ಈ ಲೆಕ್ಕ.

2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತಾ ಸಮಿತಿ ಕಡ್ಡಾಯ ಮಾಡಿದ್ದು 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ. ನಮ್ಮ ಗಲ್ಲಿಗಳಲ್ಲಿ ಏಳ್ತಿರೋ ಕಟ್ಟಡಗಳ ಹತ್ತಿಪ್ಪತ್ತು ಜನಕ್ಕೆ ಬೆಳಗಿನ ಹತ್ತು ನಿಮಿಷವೇ ಸಮಿತಿ. ಹಾಗಾಗಿ ಆ ಸಭೆ ಶುರುವಾಗಬೇಕಾದ್ದು ಹೆಲ್ಮೆಟ್‌ನಿಂದಲ್ಲ, ಕಂಟ್ರಾಕ್ಟರ್‌ನ ಒಂದು ಮಾತಿನಿಂದ: 'ಅಪಾಯ ಕಂಡ್ರೆ ಕೆಲಸ ನಿಲ್ಸಿ, ಕೂಲಿ ಕಟ್ ಆಗಲ್ಲ.'

ಆ ಮಾತಿಲ್ಲದ ಸಭೆ ಬರೀ ಫೋಟೊ. ಅಂಥವು ನನ್ನ ಹಳೇ ಫೋನಿನಲ್ಲಿ ಬೇಕಾದಷ್ಟಿವೆ.