ಅಗ್ಗದ ಹೀಟರು, ತುಟ್ಟಿಯ ಸ್ನಾನ

ದೀಪಾವಳಿಯ ಎಣ್ಣೆಸ್ನಾನದಿಂದ ಸಂಕ್ರಾಂತಿ ಕಳೆಯುವ ತನಕ ನಮ್ಮ ಮನೆಗಳಲ್ಲಿ ಬಿಸಿನೀರಿಗೆ ಎಲ್ಲಿಲ್ಲದ ಬೇಡಿಕೆ. ಊರಿನಲ್ಲಾದರೆ ಬಚ್ಚಲುಮನೆಯಲ್ಲಿ ಹಂಡೆ, ಅದರ ಕೆಳಗೆ ಸೌದೆಯ ಉರಿ. ಥಾಣೆಯ ಚಾಳಿನ ಖೋಲಿಯಲ್ಲಿ, ಕಲ್ಯಾಣ-ಡೊಂಬಿವಲಿಗಳ ಹಳೆಯ ಕಟ್ಟಡಗಳಲ್ಲಿ, ನವಿಮುಂಬಯಿಯ ಸಿಡ್ಕೋ ಮನೆಯ ಪುಟ್ಟ ಮೋರಿಯಲ್ಲಿ ಹಂಡೆಗೆ ಜಾಗವೆಲ್ಲಿ? ಆದುದರಿಂದ ನಮ್ಮಲ್ಲಿ ಕೆಲವರು ಕಂಡುಕೊಂಡ ಉಪಾಯ, ಕೈಯಾರೆ ಮಾಡಿದ ಕರೆಂಟಿನ ಹೀಟರು. ಮಣ್ಣಿನ ಬಿಲ್ಲೆಯ ಮೇಲೆ ನಿಕ್ರೋಮ್ ಸುರುಳಿ. ಅದೂ ಇಲ್ಲದಿದ್ದರೆ ಎರಡು ಲೋಹದ ಪಟ್ಟಿಗಳಿಗೆ ತಂತಿ ಕಟ್ಟಿ ನೇರವಾಗಿ ಬಕೆಟ್ಟಿಗೇ ಇಳಿಬಿಡುವುದು! ಇದನ್ನು ಜಾಣತನವೆಂದು ಹೊಗಳುವವರೂ ಇದ್ದಾರೆ. ನಾವಾದರೋ ಇದನ್ನು ಸಾವಿನೊಡನೆ ನಡೆಸುವ ಚೌಕಾಶಿ ಎನ್ನುತ್ತೇವೆ.

ಕರೆಂಟು ಉಳಿಯುತ್ತದೆ ಎಂಬುದು ಇವರ ಮೊದಲ ಮಾತು. ಇದು ಶುದ್ಧ ಸುಳ್ಳು. 20 ಲೀಟರ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 0.35 ಯೂನಿಟ್ ಬೇಕೇ ಬೇಕು. ಹೀಟರು ಅಂಗಡಿಯದೋ ಮನೆಯದೋ ಎಂದು ನೀರು ಕೇಳುವುದಿಲ್ಲ. ತೆರೆದ ಸುರುಳಿಯ ಕಾವು ಗಾಳಿಗೂ ಹೋಗುವುದರಿಂದ ಅಲ್ಲಿ ಖರ್ಚು ಇನ್ನೂ ಹೆಚ್ಚು. ಹಾಗಾದರೆ ಉಳಿದದ್ದೇನು? ಅರ್ಥಿಂಗಿನ ಮೂರನೆಯ ತಂತಿಯ ಬೆಲೆ, ಸುರುಳಿಯನ್ನು ಮುಚ್ಚುವ ಕವಚದ ಬೆಲೆ. ಜೀವ ಕಾಯುವ ಭಾಗಗಳನ್ನೇ ಬಿಟ್ಟು ಮಾಡಿದ ಉಳಿತಾಯವಿದು.

ಫ್ಯೂಸ್ ಇದೆಯಲ್ಲ ಎಂಬುದು ಎರಡನೆಯ ಮಾತು. ನೆಂದ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. 5 ಆಂಪಿಯರಿನ ಫ್ಯೂಸ್ ಇದಕ್ಕೆ ಮಿಸುಕುವುದೂ ಇಲ್ಲ. ಮನುಷ್ಯನ ಹೃದಯಕ್ಕೋ 0.03 ಆಂಪಿಯರ್ ದಾಟಿದರೇ ಗಂಡಾಂತರ. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಬಕೆಟ್ಟಿಗೆ ಕೈಯಿಟ್ಟ ಮಗುವನ್ನು ಕಾಯಲು ಅಲ್ಲ.

ಸುಟ್ಟ ಸುರುಳಿಯನ್ನು ಎಳೆದು ಗಂಟು ಹಾಕಿ ಮತ್ತೆ ಉರಿಸುವ ಸಾಹಸ ಬೇರೆ. ಸುರುಳಿ ಗಿಡ್ಡವಾದಷ್ಟೂ ಅದು ಎಳೆಯುವ ಕರೆಂಟು ಹೆಚ್ಚು. 1000 ವ್ಯಾಟಿನ ಸುರುಳಿಯಲ್ಲಿ ಕಾಲುಭಾಗ ಹೋದರೆ ಅದು 1300 ವ್ಯಾಟಿಗೂ ಮಿಕ್ಕಿ ಎಳೆಯುತ್ತದೆ. ಹಳೆಯ ಗೋಡೆಯೊಳಗಿನ ಸಣ್ಣ ತಂತಿ ಇದನ್ನು ಎಷ್ಟು ದಿನ ತಾಳೀತು?

ನಮ್ಮ ಹುಡುಗರು ಕೆಲಸ ಬಲ್ಲವರು ಎನ್ನುತ್ತೀರಾ? ಒಪ್ಪಿದೆವು. ವಾಗಳೆ ಎಸ್ಟೇಟಿನಲ್ಲಿ, ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ಯಂತ್ರ ನಡೆಸಿದ ಕೈಗಳು ನಮ್ಮವರಲ್ಲಿವೆ. ಅರ್ಥಿಂಗ್ ಇಲ್ಲದ ಯಂತ್ರವನ್ನು ಅಲ್ಲಿ ಮುಟ್ಟಲೊಪ್ಪದವನು ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಅಂಥದನ್ನೇ ಇಡುವುದು ಯಾವ ನ್ಯಾಯ?

ಬಡತನದ ಮಾತೂ ಬರುತ್ತದೆ. ಅದಕ್ಕೆ ನಮ್ಮ ಉತ್ತರ ಸರಳ. ಗ್ಯಾಸಿನ ಒಲೆಯ ಮೇಲೆ ಒಂದು ಪಾತ್ರೆ ನೀರು ಕುದಿಸಿ ತಣ್ಣೀರಿಗೆ ಬೆರೆಸಿದರೆ ಸ್ನಾನವಾಗುತ್ತದೆ. ಹೀಟರೇ ಬೇಕಾದರೆ ಐ.ಎಸ್.ಐ. ಗುರುತಿನ ರಾಡ್ ಕೊಳ್ಳಿ. ಅರ್ಥಿಂಗ್ ಇರುವ 16 ಆಂಪಿಯರಿನ ಮೂರು ಕಣ್ಣಿನ ಸಾಕೆಟ್ಟಿಗೇ ಹಾಕಿ. ರಾಡ್ ನೀರಿಗಿಳಿದ ಮೇಲೆ ಸ್ವಿಚ್ ಒತ್ತಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಮೀಟರಿನ ಬಳಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ, ಕರೆಂಟು ಸೋರಿದ ಕ್ಷಣಾರ್ಧದಲ್ಲಿ ಅದು ಸಂಪರ್ಕ ಕಡಿಯುತ್ತದೆ.

ಮನೆ ಮಾಲಿಕರಿಗೂ ಒಂದು ಮಾತು: ತಿಂಗಳು ತಪ್ಪದೆ ಬಾಡಿಗೆ ಎಣಿಸಿಕೊಳ್ಳುವವರು ಅರ್ಥಿಂಗ್ ಹಾಕಿಸಿಕೊಡಲೂ ಬಾಧ್ಯರು. ಮೀಟರಿನಿಂದ ಒಳಗಿನ ವೈರಿಂಗಿಗೆ ಮಹಾವಿತರಣವನ್ನು ದೂರಿ ಫಲವಿಲ್ಲ.

ಇನ್ನು ನಮ್ಮ ಸಂಘಗಳ ಸರದಿ. ಯಕ್ಷಗಾನಕ್ಕೆ, ಅರಸಿನ ಕುಂಕುಮಕ್ಕೆ, ಕ್ರಿಕೆಟ್ ಪಂದ್ಯಕ್ಕೆ ದಿನ ಗೊತ್ತುಮಾಡುವ ನಾವು, ಚಳಿಗಾಲಕ್ಕೆ ಮುನ್ನ ಒಂದು ಭಾನುವಾರವನ್ನು ಇದಕ್ಕೆ ಕೊಡಲಾರೆವೆ? ಪರವಾನಗಿ ಪಡೆದ ಒಬ್ಬ ವಯರ್‌ಮನ್‌ನನ್ನು ಕರೆದುಕೊಂಡು ಸದಸ್ಯರ ಮನೆಮನೆಗೆ ಹೋಗಿ ಅರ್ಥಿಂಗ್ ಪರೀಕ್ಷಿಸೋಣ. ಸತ್ತವರ ಮನೆಗೆ ಸಂತಾಪಸೂಚಕ ಠರಾವು ಕಳುಹಿಸುವುದಕ್ಕಿಂತ ಇದರ ಖರ್ಚು ಹೆಚ್ಚೇನೂ ಆಗದು.